ಯಾವ ಪೋಸ್ಟು?

ಮುಳ್ಳೂರು, 21 ಜುಲೈ 1969, ಸೋಮವಾರ

ಈ ಡೈರಿ ಸೊಸೈಟಿಯವರು ನನ್ನ ಮಗ ಸದಾಶಿವನಿಗೆ ಕೊಟ್ಟದ್ದು. ಜನವರಿಯಲ್ಲಿ ಎರಡು ದಿನ ಏನೋ ಗೀಚಿ ಗೂಡಿಗೆ ಎಸೆದಿದ್ದ. ಆರು ತಿಂಗಳ ಹಾಳೆ ದಂಡವಾಗಿದೆ, ಉಳಿದದ್ದು ನನಗೆ ಸಾಕು. ಕೂಲಿಮಠದಲ್ಲಿ ಮೂರನೇ ಪುಸ್ತಕದವರೆಗೆ ಓದಿದವಳು ನಾನು. ಅಕ್ಷರ ದಪ್ಪ, ಸಾಲು ಓರೆ. ಬೇರೆಯವರು ಓದುವುದಿಲ್ಲವಾದ್ದರಿಂದ ಚಿಂತೆಯಿಲ್ಲ.

ಬರೆಯಲು ಕೂತದ್ದು ಯಾಕೆಂದರೆ ಮಾತಾಡಬಾರದೆಂದು ನನ್ನ ಮಗ ಕಟ್ಟುಮಾಡಿದ್ದಾನೆ. ಮೇ ತಿಂಗಳಲ್ಲಿ ಯಳಂದೂರಿನ ಗುರುಪಾದಸ್ವಾಮಿಯವರ ಮನೆಯವರು ನಮ್ಮ ರತ್ನಿಯನ್ನು ನೋಡಲು ಬಂದಿದ್ದರು. ಹುಡುಗನ ಸೋದರತ್ತೆ ಸಜ್ಜಿಗೆ ತಿಂದು ಕೈ ತೊಳೆದ ಮೇಲೆ, ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳಿದಳು. “ಆಡ್ತಾಳೆ, ನಿಮ್ಮುಡ್ಗ ಕುಣಿಯಂಗಿದ್ರ” ಎಂದೆ. ಅಷ್ಟೇ. ಅದಕ್ಕೆ ಸದಾಶಿವ, ಈ ಮದುವೆ ಮಾತು ಮುಗಿಯುವವರೆಗೆ ಹೊರಗಿನವರ ಎದುರು ತುಟಿ ಬಿಚ್ಚಬೇಡ ಎಂದು ಕೈ ಮುಗಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೈ ಮುಗಿದವನಿಗೆ ಏನು ಮಾಡುವುದು?

ರತ್ನಿ ಅಂದರೆ ಶಿವರತ್ನ, ಸದಾಶಿವನ ಒಬ್ಬಳೇ ಮಗಳು. ಕೊಳ್ಳೇಗಾಲದಲ್ಲಿ ಮೇಷ್ಟ್ರ ಟ್ರೈನಿಂಗು ಎರಡು ವರ್ಷ ಮುಗಿಸಿದ್ದಾಳೆ. ಜೂನಿನಲ್ಲಿ ಮೈಸೂರಿಗೆ ಹೋಗಿ ಏನೋ ಪ್ರಶ್ನೆಗೆಲ್ಲ ಉತ್ತರ ಹೇಳಿ ಬಂದಳು. ಈಗ ಮದುವೆ ಬೇಡ, ಪೋಸ್ಟ್ ಬರುತ್ತದೆ ಎಂದು ಹಟ. ನಿನ್ನೆ ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆದು ಕೊನೆಗೆ ಸದಾಶಿವನೇ ಗೆರೆ ಎಳೆದ. “ಗೌರಿ ಅಬ್ಬದೊಳಗೆ ಪೋಸ್ಟ್ ಬಂದ್ರ ನಿನ್ ದಾರಿ ನಿಂದು. ಬರ್ನಿಲ್ಲ ಅಂದ್ರ ಯಳಂದೂರು. ಆಮ್ಯಾಕೆ ಕಣ್ಣೀರು ಗಿಣ್ಣೀರು ಅನ್ನಂಗಿಲ್ಲ.” ರತ್ನಿ ಒಪ್ಪಿದಳು. ಸೊಸೆ ಪುಟ್ಟಬಸಮ್ಮ ಎಂದಿನಂತೆ ಇಬ್ಬರಿಗೂ ತಲೆ ಆಡಿಸಿದಳು.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳಿದೆ: ಹೆಣ್ಣುಹುಡುಗಿಗೆ ಪೋಸ್ಟ್ ಯಾಕೆ? ಆ ಹುಡುಗ ರುದ್ರಸ್ವಾಮಿಗೆ ಸರ್ಕಾರದ ಕಚೇರಿಯಲ್ಲಿ ಪೋಸ್ಟ್ ಇದೆ. ಒಂದು ಮನೆಗೆ ಒಂದು ಸಾಲದೇ? ರತ್ನಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದುಹೋದಳು. ಅರ್ಧ ತಲೆಗೆ ಎಣ್ಣೆ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

24 ಜುಲೈ, ಗುರುವಾರ

ಟಪಾಲಿನ ಚಿಕ್ಕಸಿದ್ದಯ್ಯ ಸೋಮವಾರ, ಗುರುವಾರ ಕೊಳ್ಳೇಗಾಲದಿಂದ ಸೈಕಲ್ಲಿನಲ್ಲಿ ಬರುತ್ತಾನೆ. ನಮ್ಮ ಮನೆ ಹತ್ತಿರ ಬಂದಾಗ ಇಳಿಯುವುದೂ ಇಲ್ಲ. ತುಳಿಯುತ್ತಲೇ “ಪೋಸ್ಟ್ ಇಲ್ಲ ಕಣವ್ವೋ” ಎಂದು ಕೂಗಿಕೊಂಡು ಹೋಗುತ್ತಾನೆ. ಬಾಗಿಲ ಹಿಂದೆ ನಿಂತಿದ್ದ ರತ್ನಿಯ ಮುಖ ಒಲೆಯ ಮೇಲೆ ಮರೆತ ಹಪ್ಪಳದಂತಾಯಿತು. ಇವನು ಹೇಳಿದ್ದು ಇವತ್ತು ಕಾಗದ ಇಲ್ಲ ಎಂದು. ಅವಳಿಗೆ ಕೇಳಿಸಿದ್ದು ನಿನಗೆ ಕೆಲಸವೇ ಇಲ್ಲ ಎಂದು.

ಇಲ್ಲ ಅನ್ನುವುದಕ್ಕೆ ಅಷ್ಟು ದೂರ ತುಳಿದುಕೊಂಡು ಬರಬೇಕಾ ಎಂದು ಅವನನ್ನು ನಿಲ್ಲಿಸಿ ಕೇಳಿದೆ. ಟಪಾಲಿನವನು ಹೊರಗಿನವನಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೇನೆ.

ಮಧ್ಯಾಹ್ನ ಅಕ್ಕಿ ಆರಿಸುವಾಗ ರತ್ನಿಯನ್ನು ಕೇಳಿದೆ. ಅವನ ಆಫೀಸೂ ಪೋಸ್ಟು, ಅವನು ತರುವುದೂ ಪೋಸ್ಟು, ನೀನು ಕಾಯುತ್ತಿರುವುದೂ ಪೋಸ್ಟು, ಇದೆಂಥ ಮಾತೇ? ನಾನು ಮದುವೆಯಾಗಿ ಬಂದಾಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಮಲ್ದಾರ ತಮಿಳಿನವನಾದರೂ ಟಪಾಲು ಅಂದರೆ ಟಪಾಲು, ಚಾಕರಿ ಅಂದರೆ ಚಾಕರಿ. ಯಾರಿಗೂ ಗೊಂದಲ ಇರಲಿಲ್ಲ.

“ಇಂಗ್ಲಿಷಲ್ಲಿ ಅಂಗೇ ಕಣಜ್ಜಿ. ಒಂದೇ ಮಾತು, ಬಾಳ ಅರ್ಥ.”

“ಅಷ್ಟೊಂದ್ ದೇಸ ಆಳುದ್ರು, ಮಾತಿಗೆ ಅಷ್ಟ್ ಬಡತನವಾ ಅವ್ರಿಗೆ?”

ಮೂರು ದಿನದ ನಂತರ ನಕ್ಕಳು. ಉಳಿದ ಅರ್ಧ ತಲೆಗೂ ಎಣ್ಣೆ ಬಿತ್ತು.

31 ಜುಲೈ, ಗುರುವಾರ

ಇಲ್ಲ. ರತ್ನಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

7 ಆಗಸ್ಟ್, ಗುರುವಾರ

ಬಂತು. ನಾನು ಬೇಡ ಅಂದರೂ ಬಂತು.

ಚಿಕ್ಕಸಿದ್ದಯ್ಯ ಎಂದಿನಂತೆ ಇಲ್ಲ ಎಂದು ಹೋದ ಮೇಲೆ, ಖಾಕಿ ಪ್ಯಾಂಟಿನವನೊಬ್ಬ ಜಗಲಿ ಹತ್ತಿ ಬಂದ. ಕಂಕುಳಲ್ಲಿ ದಪ್ಪ ಪುಸ್ತಕ, ಕಿವಿ ಮೇಲೆ ಪೆನ್ಸಿಲು. ಸದಾಶಿವಪ್ಪನವರ ಮನೆ ಇದೇನಾ ಎಂದು ಕೇಳಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ನೀರು ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು, “ನಿಮ್ಮನೇಗೊಂದು ಪೋಸ್ಟ್ ಸ್ಯಾಂಕ್ಸನ್ ಆಗದೆ ಅಜ್ಜಿ. ಸನಿವಾರ ಬತ್ತದೆ” ಎಂದ. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದ.

ರತ್ನಿ ಬಾವಿಯಿಂದ ಬಂದವಳು ಬಿಂದಿಗೆ ಇಳಿಸದೆಯೇ ನಿಂತು ಕೇಳಿದಳು. ಆಮೇಲೆ ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ನಾನು ಡಬ್ಬದಲ್ಲಿದ್ದ ಸಕ್ಕರೆಯನ್ನೆಲ್ಲ ತಟ್ಟೆಗೆ ಸುರಿದು ಹನ್ನೊಂದು ಮನೆಗೆ ಕೊಟ್ಟು ಬಂದೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ. ಬಾಯಿ ಕಟ್ಟಿದರೆ ಕೈಕಾಲು ಓಡುತ್ತವೆ ಎಂದು ಕಾಣುತ್ತದೆ. ಪೋಸ್ಟಿನ ಮೇಲೆ ನನಗೇನೂ ಪ್ರೀತಿ ಇಲ್ಲ.

ಸದಾಶಿವ ಸುದ್ದಿ ಕೇಳಿ ಅರ್ಧ ಊಟಕ್ಕೆ ಎದ್ದು ಗದ್ದೆಗೆ ಹೋದ.

9 ಆಗಸ್ಟ್, ಶನಿವಾರ

ಬೆಳಿಗ್ಗೆ ಒಂದು ಎತ್ತಿನ ಗಾಡಿ ಬಂತು. ಹಿಂದೆ ಗಾಡಿಗಿಂತ ಉದ್ದದ ಕಂಬ. ಅದೇ ಖಾಕಿ ಪ್ಯಾಂಟಿನವನು ಗಾಡಿಯ ಮುಂದೆ ನಡೆದು ಬಂದು, “ಅಜ್ಜಿ, ಆ ಎಮ್ಮೆಯ ಸೊಲ್ಪ ಅತ್ತಗೆ ಕಟ್ಕಳಿ, ಪೋಸ್ಟ್ ಇಳಿಸ್ಬೇಕು” ಎಂದ.

ಲೈಟಿನ ಕಂಬ. ಅದಕ್ಕೂ ಪೋಸ್ಟ್ ಅನ್ನುತ್ತಾರಂತೆ.

ಸಕ್ಕರೆ ತಿಂದವರೆಲ್ಲ ಸುತ್ತ ನಿಂತರು. ಎದುರು ಮನೆಯ ಪುಟ್ಟಮಾದಪ್ಪ, ಮೀಸೆ ಮೂಡಿ ಇನ್ನೂ ಹತ್ತು ವರ್ಷ ಆಗಿರದ ಹುಡುಗ, ತನ್ನ ಜಗಲಿಯಿಂದಲೇ ಕೇಳಿದ. “ಚನ್ನಾಜವ್ವ, ನಿಮ್ ಮೊಮ್ಮಗಳು ಪೋಸ್ಟ್ ಮ್ಯಾಲೆ ಕುಂತ್ಕಂಡು ಪಾಟ ಮಾಡದಾ, ಕೆಳಗೆ ನಿಂತ್ಕಂಡಾ?” ಇಡೀ ಬೀದಿ ನಕ್ಕಿತು. ಅವನ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡಳು. ನಾನು ತಿರುಗಿ ಕೊಡಬಹುದಿತ್ತು, ಹತ್ತು ಮಾತು ಬಾಯಿಗೆ ಬಂದಿದ್ದವು. ಸದಾಶಿವ ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ. ನುಂಗಿದೆ.

ರತ್ನಿ ಅಳಲಿಲ್ಲ. ಅವರ ಜೊತೆ ತಾನೂ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಅಳುವುದನ್ನು ಅತ್ತುಬಿಟ್ಟರೆ ಒಳ್ಳೆಯದು. ಗುಂಡಿ ತೋಡುವವರಿಗೆ ಮಜ್ಜಿಗೆ ಕೊಡಲು ಅವಳೇ ಹೋದಳು.

ಈ ಮಾತನ್ನು ಕಂಡುಹಿಡಿದವನು ಕೈಗೆ ಸಿಕ್ಕರೆ ಅದೇ ಗುಂಡಿಗೆ ನಿಲ್ಲಿಸಿ ಮಣ್ಣು ಮುಚ್ಚುತ್ತಿದ್ದೆ.

19 ಆಗಸ್ಟ್, ಮಂಗಳವಾರ

ಪುಟ್ಟಮಾದಪ್ಪ ಇಲ್ಲ. ನಿನ್ನೆ ಶ್ರಾವಣ ಸೋಮವಾರದ ಪೂಜೆ ಮುಗಿಸಿ ಪಂಪ್‌ಸೆಟ್ ಹಾಕಲು ಹೋದವನಿಗೆ ಕರೆಂಟು ಹೊಡೆಯಿತು. ಹತ್ತು ದಿನದ ಹಿಂದೆ ಅವನ ಮೇಲೆ ನನಗೆ ಬಂದಿದ್ದ ಸಿಟ್ಟನ್ನು ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ.

ಪೊಲೀಸಿನವನು ಬಂದು ಪೋಸ್ಟ್‌ಮಾರ್ಟಂ ಆಗಬೇಕು, ಕೊಳ್ಳೇಗಾಲಕ್ಕೆ ಕಳಿಸಬೇಕು ಎಂದ. ಹೆಣವನ್ನು ಟಪಾಲಿನಲ್ಲಿ ಕಳಿಸುತ್ತಾರೆಂದು ತಿಳಿದು ನಾನು ಅವನ ಮೇಲೆ ಹರಿಹಾಯ್ದೆ. ಯಾರೂ ನಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಪುಟ್ಟಮಾದಪ್ಪನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡು ವರ್ಷ. ಪೊಲೀಸಿನವನು ಒಂದು ಕಾಗದ ಕೊಟ್ಟ. ಮೈದುನ ಅದನ್ನು ಇಸಿದುಕೊಂಡು ಅವಳ ಹೆಬ್ಬೆರಳಿಗೆ ತಾನೇ ಮಸಿ ಹಚ್ಚಿದ. ಏನು ಬರೆದಿದೆ ಎಂದು ಅವಳು ಕೇಳಿದಳು. ಅವನು, “ಅದೆಲ್ಲ ನಿಂಗ್ಯಾಕೆ, ಒತ್ತು” ಎಂದ. ಎರಡನೇ ಸಲ ಕೇಳಿದಳು. ಅವನು ಬೆರಳು ಹಿಡಿದೆಳೆದ.

ಆಗ ನಮ್ಮ ರತ್ನಿ ಗಂಡಸರ ನಡುವಿನಿಂದ ನುಗ್ಗಿ ಹೋಗಿ ಆ ಕಾಗದವನ್ನು ಕೈಗೆ ತೆಗೆದುಕೊಂಡಳು. ಕೇಳಿ ತೆಗೆದುಕೊಳ್ಳಲಿಲ್ಲ. ಅವಳ ಎದುರು ನೆಲದ ಮೇಲೆ ಕೂತು, ಮೆಲ್ಲಗೆ, ಒಂದೊಂದು ಸಾಲಿಗೂ ನಿಲ್ಲಿಸಿ ಓದಿದಳು. ಸಾವು ಹೇಗಾಯಿತೆಂದು ಡಾಕ್ಟರು ನೋಡುತ್ತಾರೆ, ಆಮೇಲೆ ದೇಹವನ್ನು ಮನೆಗೆ ಕೊಡುತ್ತಾರೆ, ಅದಕ್ಕೆ ನಿನ್ನ ಒಪ್ಪಿಗೆ, ಬೇರೇನೂ ಇಲ್ಲ ಎಂದು ಹೇಳಿದಳು. ಆ ಹುಡುಗಿ, “ಇನ್ನೊಂದ್ ಸಲ ಓದಕ್ಕ” ಎಂದಳು. ರತ್ನಿ ಮತ್ತೆ ಓದಿದಳು. ಆಮೇಲೆ ಆ ಹುಡುಗಿ ತಾನೇ ಬೆರಳು ಒತ್ತಿದಳು.

ಆ ಪೋಸ್ಟು ಈ ಪೋಸ್ಟಲ್ಲವಂತೆ. ಅದಕ್ಕೆ ‘ಆದ ಮೇಲೆ’ ಎಂದು ಅರ್ಥವಂತೆ. ಇವತ್ತು ಅದರ ಮೇಲೆ ಸಿಟ್ಟು ಮಾಡಲೂ ನನಗೆ ಮನಸ್ಸಿಲ್ಲ.

25 ಆಗಸ್ಟ್, ಸೋಮವಾರ

ಟಪಾಲು ಇಲ್ಲ. ಅದರ ಬದಲು ಗುರುಪಾದಸ್ವಾಮಿಯವರು ಬಂದರು. ಎದುರು ಮನೆಯ ಸಾವಿಗೆ ಎರಡು ಮಾತು ಮರುಗಿ, ಮೂರನೆಯದಕ್ಕೆ ಗೌರಿ ಹಬ್ಬದ ದಿನ ವೀಳ್ಯ ಇಟ್ಟು ಮದುವೆ ಗೊತ್ತುಮಾಡೋಣ ಎಂದರು. ಮಗನಿಗೆ ಕಾರ್ತಿಕದಲ್ಲಿ ಇನ್ನೂ ದೊಡ್ಡ ಪೋಸ್ಟ್ ಆಗುತ್ತದಂತೆ. ಅದನ್ನು ನಾಲ್ಕು ಸಲ ಹೇಳಿದರು. ನಾಲ್ಕನೆಯ ಸಲಕ್ಕೆ ಆ ಪೋಸ್ಟು ನಮ್ಮ ಬಾಗಿಲ ಮುಂದಿನ ಲೈಟಿನ ಕಂಬದಷ್ಟು ಎತ್ತರವಾಗಿತ್ತು.

“ನಿಮ್ಮುಡ್ಗಿಗೆ ಪೋಸ್ಟ್ ಗೀಸ್ಟ್ ಅಂತ ಏನೂ…” ಎಂದು ಕೇಳುತ್ತಿದ್ದರು. ಕೇಳಿ ಮುಗಿಸುವ ಮೊದಲೇ ಸದಾಶಿವ, “ಇಲ್ಲ, ಇಲ್ಲ” ಎಂದ. ನೆಲ ನೋಡಿಕೊಂಡು ಎಂದ. ಎಂಟು ವರ್ಷದವನಾಗಿದ್ದಾಗ ಬೆಲ್ಲ ಕದ್ದು ಹೀಗೇ ನೆಲ ನೋಡುತ್ತಿದ್ದ.

ರತ್ನಿ ಕಾಫಿ ತಂದಳು. ಅವರು ಲೋಟ ತೆಗೆದುಕೊಂಡು, “ಏನವ್ವ, ಪೋಸ್ಟ್ ಬೇಕಂತಲ್ಲ ನಿಂಗೆ? ನಮ್ಮನೇಲಿ ಖಾಲಿ ಅದೆ. ಅಡ್ಗೆಮನೆ ಪೋಸ್ಟು, ಪರ್ಮನೆಂಟು” ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಸದಾಶಿವನೂ ನಕ್ಕ. ರತ್ನಿ ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

ನಾನು ಬಾಯಿ ಬಿಡಲಿಲ್ಲ. ಇನ್ನಷ್ಟು ಕಾಫಿ ಹಾಕಲೆಂದು ಚೊಂಬು ಹಿಡಿದು ಬಗ್ಗಿದೆ, ಅದು ಅವರ ಪಂಚೆಯ ಮೇಲೆ ವಾಲಿತು. ಬೇಕೆಂದು ಮಾಡಿದ್ದಲ್ಲ ಎಂದು ಇಲ್ಲಿ ಬರೆದಿಡಬೇಕು. ಬರೆದೆ.

28 ಆಗಸ್ಟ್, ಗುರುವಾರ

ಇಲ್ಲ.

1 ಸೆಪ್ಟೆಂಬರ್, ಸೋಮವಾರ

ಇಲ್ಲ. ಚಿಕ್ಕಸಿದ್ದಯ್ಯನ ಸೈಕಲ್ಲಿನ ಗಂಟೆ ಕೇಳಿದರೆ ಈಗ ನಾನೂ ಕೈಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತೇನೆ. ವಯಸ್ಸಾದ ಮೇಲೆ ಹೀಗೆಯೇ ಇರಬೇಕು.

ಪುಟ್ಟಬಸಮ್ಮ ವೀಳ್ಯಕ್ಕೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ಮಗಳಿಗೆ ಉಡಿಸಲೆಂದು ಕುಪ್ಪಸದ ಅಳತೆ ನೋಡಲು ಹೋದರೆ ಅವಳು ಗೊಂಬೆಯಂತೆ ಕೈ ಎತ್ತಿ ನಿಂತಳು. ಎರಡು ಬೆರಳು ಸಡಿಲ. ಮೇ ತಿಂಗಳಿನಿಂದ ಇಳಿದುಹೋಗಿದ್ದಾಳೆ.

4 ಸೆಪ್ಟೆಂಬರ್, ಗುರುವಾರ

ಇವತ್ತು ಚಿಕ್ಕಸಿದ್ದಯ್ಯ ಸೈಕಲ್ ಇಳಿದ. “ಪೋಸ್ಟ್ ಅದೆ ಕಣವ್ವ” ಎಂದ. ಅದೂ ಒಂದು ಕಾರ್ಡು. ರತ್ನಿಯ ಜೊತೆ ಟ್ರೈನಿಂಗಿನಲ್ಲಿದ್ದ ಹನೂರಿನ ಚಿಕ್ಕನಿಂಗಮ್ಮ ಬರೆದದ್ದು. ನಮ್ಮ ಜೊತೆಯವರಿಗೆಲ್ಲ ಆಗಸ್ಟ್ ಇಪ್ಪತ್ತರ ಆಸುಪಾಸಿನಲ್ಲಿ ಆರ್ಡರು ಕೈಗೆ ಬಂತು, ನನಗೆ ಹನೂರಿನಲ್ಲೇ ಆಗಿದೆ, ನಿನಗೆ ಯಾವ ಊರು, ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಾಳೆ.

ರತ್ನಿ ಕಾರ್ಡನ್ನು ಎರಡು ಸಲ ಓದಿ ಜಂತೆಗೆ ಸಿಕ್ಕಿಸಿದಳು. “ನಂಗೊಬ್ಬಳಿಗೇ ಇಲ್ಲ ಅಜ್ಜಿ” ಎಂದಳು. ಆಮೇಲೆ ಹೋಗಿ ತನ್ನ ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು.

ನಾನು ಆ ಕಾರ್ಡನ್ನು ತೆಗೆದು ಅಕ್ಷರ ಕೂಡಿಸಿಕೊಂಡು ಓದಿದೆ. ಎಲ್ಲರಿಗೂ ಎಂದು ಬರೆದಿದೆ. ಓದಿನಲ್ಲಿ ಆ ಹನೂರಿನ ಹುಡುಗಿಗಿಂತ ನಮ್ಮವಳು ಮುಂದೆ. ಅವಳಿಗೆ ಬಂದದ್ದು ಇವಳಿಗೆ ಯಾಕೆ ಬರಲಿಲ್ಲ? ಅದಕ್ಕಿಂತ, ಗುರುಪಾದಸ್ವಾಮಿಯವರು ಕೇಳಿ ಮುಗಿಸುವ ಮೊದಲೇ ಇಲ್ಲ ಎಂದು ಹೇಳುವಂಥದ್ದು ಸದಾಶಿವನಿಗೆ ಏನಿತ್ತು?

8 ಸೆಪ್ಟೆಂಬರ್, ಸೋಮವಾರ

ಹಲ್ಲುನೋವು ಎಂದು ಹೇಳಿ ಬೆಳಗಿನ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆ. ಬಾಯಲ್ಲಿ ಉಳಿದಿರುವುದೇ ಒಂಬತ್ತು ಹಲ್ಲು, ಯಾವುದು ನೋವು ಎಂದು ಯಾರೂ ಕೇಳಲಿಲ್ಲ.

ಅಂಚೆ ಕಚೇರಿಯ ಕಂಬಿ ಕಿಂಡಿಯ ಮುಂದೆ ಸಾಲು. ನನ್ನ ಸರದಿ ಬಂದಾಗ, ಪೋಸ್ಟ್ ಕೇಳಲು ಬಂದಿದ್ದೇನೆ ಎಂದೆ. ಯಾವ ಪೋಸ್ಟು, ಕಾರ್ಡಾ ಕವರಾ ಪಾರ್ಸೆಲ್ಲಾ ಎಂದ ಒಳಗಿನವನು.

“ಕಾರ್ಡಲ್ಲ ಕಣಪ್ಪ, ಪೋಸ್ಟು. ಪೋಸ್ಟು ಪೋಸ್ಟಲ್ಲಿ ಬಂದದಾ ಅಂತ.”

“ಪೋಸ್ಟು ಪೋಸ್ಟಲ್ಲೇ ಅಜ್ಜಿ ಬರದು. ಇನ್ಯಾತರಲ್ಲಿ ಬತ್ತದೆ?”

ಹಿಂದೆ ನಿಂತಿದ್ದವರು ನಕ್ಕರು. ತಿರುಗಿ ನೋಡಿದೆ. ಅವರೆಲ್ಲ ಹೊರಗಿನವರೇ, ಆದರೆ ಸದಾಶಿವ ಅಲ್ಲಿರಲಿಲ್ಲ. ನಗಿ, ನಿಮ್ಮ ಮನೆಯ ಹೆಣ್ಣುಮಗಳೂ ಒಂದು ದಿನ ಈ ಕಿಂಡಿಗೆ ಬಂದು ಇದನ್ನೇ ಕೇಳುತ್ತಾಳೆ, ಆಗ ಅವಳ ಹಿಂದೆ ನಿಂತು ನಗುವವನು ನಿಮ್ಮಂಥವನೇ ಆಗಿರಲಿ ಎಂದು ಹರಸಿದೆ.

ಒಳಗಿದ್ದ ವಯಸ್ಸಾದ ಅಧಿಕಾರಿಯೊಬ್ಬರು ಕೇಳಿಸಿಕೊಂಡು ನನ್ನನ್ನು ಪಕ್ಕದ ಬಾಗಿಲಿಗೆ ಕರೆದರು. ಮೊಮ್ಮಗಳ ಹೆಸರು, ಊರು, ಎಲ್ಲಿಂದ ಬರಬೇಕಾದ ಕಾಗದ, ಒಂದೊಂದಾಗಿ ಕೇಳಿದರು. ಅಂಥ ಕಾಗದ ರಿಜಿಸ್ಟರಿನಲ್ಲಿ ಬರುತ್ತದೆ ಎಂದು ಉದ್ದನೆಯ ಪುಸ್ತಕ ತೆಗೆದು ಬೆರಳಿಟ್ಟು ನೋಡಿದರು. ಶಿವರತ್ನಮ್ಮ, ಮುಳ್ಳೂರು, ಆಗಸ್ಟ್ ಇಪ್ಪತ್ಮೂರು. ಹದಿನಾರು ದಿನದ ಹಿಂದೆಯೇ ಬಂದು ತಲುಪಿಯೂ ಆಗಿದೆ. ಮಗಳ ಪರವಾಗಿ ತಂದೆ ರುಜು ಮಾಡಿ ತೆಗೆದುಕೊಂಡಿದ್ದಾರೆ.

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸದಾಶಿವಪ್ಪ. ಆ ‘ಸ’ ಅಕ್ಷರವನ್ನು ನಾನೇ ಅವನ ಕೈ ಹಿಡಿದು ಮರಳಿನ ಮೇಲೆ ತಿದ್ದಿಸಿದ್ದು. ಈಗಲೂ ಸೊಟ್ಟಗೇ ಬರೆಯುತ್ತಾನೆ.

ಹೊರಗೆ ಚಿಕ್ಕಸಿದ್ದಯ್ಯ ಚೀಲ ತುಂಬುತ್ತಿದ್ದ. ಅವನನ್ನು ಹಿಡಿದೆ. ಸಂತೆಗೆ ಬಂದಿದ್ದ ಯಜಮಾನರು ಇಲ್ಲೇ ತೆಗೆದುಕೊಂಡರು, ಮನೆಯಲ್ಲಿ ಹೇಳುತ್ತೇನೆ ಎಂದರು, ನೀವು ಬೇರೆ ಯಾವುದೋ ಕಾಗದಕ್ಕೆ ಕಾಯುತ್ತಿದ್ದೀರಿ ಎಂದುಕೊಂಡೆ ಎಂದ. ಅವನ ತಪ್ಪಿಲ್ಲ. ಅವನು ಇಲ್ಲ ಎಂದ ದಿನಗಳಲ್ಲೆಲ್ಲ ನಿಜವಾಗಿ ಇರಲಿಲ್ಲ.

ಬಸ್ಸಿನಲ್ಲಿ ಬರುವಾಗ ನಿಜವಾಗಿಯೂ ಹಲ್ಲು ನೋಯತೊಡಗಿತು. ದಾರಿಯುದ್ದಕ್ಕೂ ಕಚ್ಚಿ ಹಿಡಿದಿದ್ದೆನೆಂದು ಕಾಣುತ್ತದೆ.

9 ಸೆಪ್ಟೆಂಬರ್, ಮಂಗಳವಾರ

ನಿನ್ನೆ ಮನೆ ತುಂಬ ನೆಂಟರು. ಇವತ್ತು ಬೆಳಿಗ್ಗೆ ಅವರು ಹೊರಟ ಮೇಲೆ, ಸದಾಶಿವ ಹಿತ್ತಿಲಲ್ಲಿ ಹಗ್ಗ ಹೊಸೆಯುತ್ತಿದ್ದಾಗ ಹೋಗಿ ಎದುರಿಗೆ ಕೂತೆ.

“ಇಪ್ಪತ್ಮೂರನೇ ತಾರೀಕು ಕೊಳ್ಳೇಗಾಲದಲ್ಲಿ ಏನಕ್ಲಾ ರುಜು ಮಾಡ್ದೆ?”

ಅವನ ಕೈ ನಿಂತಿತು. ಹಗ್ಗ ತಾನಾಗಿ ಬಿಚ್ಚಿಕೊಂಡಿತು. ಸುಳ್ಳು ಹೇಳುತ್ತಾನೆಂದು ಕಾದೆ. ಹೇಳಲಿಲ್ಲ.

“ಎಣ್ಣುಡ್ಗಿಗೆ ಪೋಸ್ಟ್ ಯಾಕೆ ಅಂದೋಳು ನೀನೇ ಅಲ್ವಾ ಅವ್ವ?”

“ಅಂದಿದ್ದೆ. ಈಗ ತಕಂಡ್ ಬಾ.”

ಎದ್ದು ಹೋಗಿ ಪಂಚಾಂಗದೊಳಗಿನಿಂದ ಕಂದು ಕವರು ತಂದ. ಕೈಗೆ ಕೊಡಲಿಲ್ಲ, ಹಿಡಿದುಕೊಂಡೇ ನಿಂತ.

“ಯಾವೂರು ಅಂತ ಮೊದ್ಲು ಕೇಳು. ಪಾಲಾರ್. ಅನೂರು ದಾಟಿ, ಬೆಟ್ಟ ದಾಟಿ, ಕಾಡು ಮುಗಿಯೋ ಜಾಗ. ಅಲ್ಲಿರದು ಒಂದು ಚೆಕ್‌ಪೋಸ್ಟು, ನಿಂತ್ಕಂಡಿರೋ ಲಾರಿಗಳು. ಆನೆ ತಿರುಗೋ ದಾರಿ. ಅಲ್ಗೆ ಒಂಟಿ ಎಣ್ಣ ಕಳ್ಸ್‌ಬುಟ್ಟು ನಾನಿಲ್ಲಿ ಎಂಗವ್ವ ಅನ್ನ ಉಣ್ಲಿ?”

ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಇದನ್ನು ನಾನು ಎಣಿಸಿರಲಿಲ್ಲ. ಗುರುಪಾದಸ್ವಾಮಿಯ ದೊಡ್ಡಸ್ತಿಕೆಗೆ ಮರುಳಾಗಿ ಮುಚ್ಚಿಟ್ಟಿದ್ದಾನೆ ಎಂದುಕೊಂಡು, ಅದಕ್ಕೆ ತಕ್ಕ ಮಾತುಗಳನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಒಂದೂ ಕೆಲಸಕ್ಕೆ ಬರಲಿಲ್ಲ. ಅವನು ಹೇಳಿದ್ದು ಸರಿಯೇ ಎಂದೂ ಅನಿಸಿತು.

“ಒಂಟಿ ಅಂದೋರ್ಯಾರ್ಲಾ?” ಎಂದೆ. “ನಾ ಓಯ್ತೀನಿ.”

“ನೀನಾ?”

“ಎಂಟ್ ದಿನ. ಇದ್ದು ನೋಡ್ಕಂಡ್ ಬತ್ತೀನಿ. ಸರಿಯಿಲ್ಲ ಅಂದ್ರ ಕೈ ಇಡ್ಕಂಡು ವಾಪಸ್ ಕರ್ಕಂಡ್ ಬತ್ತೀನಿ.”

ರತ್ನಿ ಕೊಟ್ಟಿಗೆಯಲ್ಲಿದ್ದಳು. ಯಾವಾಗಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. ಕೈಯ ಸಗಣಿ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಅಪ್ಪನ ಮುಂದೆ ಕೈ ಚಾಚಿದಳು. ಅವನು ಕವರು ಕೊಟ್ಟ. ನಿಂತಲ್ಲೇ ಓದಿದಳು. ಹನ್ನೆರಡನೇ ತಾರೀಕಿನೊಳಗೆ ಸೇರದಿದ್ದರೆ ಆರ್ಡರು ರದ್ದು ಎಂದು ಬರೆದಿದೆ ಎಂದಳು. ಇನ್ನು ಮೂರು ದಿನ.

ಆಮೇಲೆ ಅಪ್ಪನನ್ನು ನೋಡಿ ಹೇಳಿದಳು. ದನಿ ಏರಲಿಲ್ಲ.

“ಬೇಡ ಅಂದಿದ್ರ ನಾನು ಜಗಳ ಆಡ್ತಿದ್ದೆ ಅಪ್ಪಾಜಿ, ಆಮೇಲೆ ಮನೇಲೇ ನಿಂತ್ಕತಿದ್ದೆ. ಇಲ್ಲ ಅನ್ಬಾರ್ದಿತ್ತು.”

ಸದಾಶಿವ ಹಗ್ಗ ಎತ್ತಿಕೊಂಡ. ಹೊಸೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ. ನನ್ನ ಮಗ ಅಷ್ಟು ಚಿಕ್ಕವನಾಗಿ ಕಂಡದ್ದು ಅವನ ಅಪ್ಪ ಸತ್ತ ದಿನ ಬಿಟ್ಟರೆ ಇವತ್ತೇ.

10 ಸೆಪ್ಟೆಂಬರ್, ಬುಧವಾರ

ಗುರುಪಾದಸ್ವಾಮಿಯವರಿಗೆ ಕಾಗದ ಬರೆಯಬೇಕಾದವನು ಮನೆಯ ಯಜಮಾನ. ಸದಾಶಿವ ಪೆನ್ನು ಹಿಡಿದು ಅರ್ಧ ಗಂಟೆ ಕೂತು ‘ಕ್ಷೇಮ’ ಎಂದು ಬರೆದು ಎದ್ದ. ನಾನು ಕೂತೆ.

ನಮ್ಮ ಹುಡುಗಿಗೆ ಪೋಸ್ಟ್ ಆಗಿದೆ ಎಂದು ಮೊದಲು ಬರೆದೆ. ಹೊಡೆದು ಹಾಕಿದೆ. ಆ ಮನುಷ್ಯ ಅದನ್ನು ಯಾವ ಪೋಸ್ಟೆಂದು ತಿಳಿಯುತ್ತಾನೋ, ಇನ್ನೊಂದು ಕಂಬ ಬಂತೆಂದೋ ಏನೋ. ಹೊಸ ಕಾರ್ಡಿನಲ್ಲಿ ಹೀಗೆ ಬರೆದೆ:

‘ನಮ್ಮ ಶಿವರತ್ನ ಮಕ್ಕಳಿಗೆ ಓದು ಕಲಿಸಲು ಪಾಲಾರಿಗೆ ಹೋಗುತ್ತಾಳೆ. ಮದುವೆಯ ಮಾತು ಇಲ್ಲಿಗೆ ನಿಲ್ಲಲಿ. ನಿಮ್ಮ ಮಗನಿಗೆ ಒಳ್ಳೆಯ ಕಡೆ ಹೆಣ್ಣು ಸಿಗಲಿ. ಪಂಚೆಯ ಕಲೆ ಹೋಗಿದೆ ಎಂದು ನಂಬಿದ್ದೇನೆ. ಚನ್ನಾಜಮ್ಮ.’

ಕೊನೆಯ ಸಾಲು ಬೇಡ ಎಂದು ಪುಟ್ಟಬಸಮ್ಮ ಹೇಳಿದಳು. ಇಪ್ಪತ್ತೈದು ವರ್ಷದಲ್ಲಿ ಅವಳು ನನಗೆ ಎದುರು ಹೇಳಿದ್ದು ಇದೇ ಮೊದಲು. ಆದರೂ ಸಾಲು ಉಳಿಸಿದೆ.

ಅಟ್ಟದಿಂದ ಗಂಟು ಇಳಿಸಿದ್ದಾಯಿತು. ಬಿಸಿಲಿಗೆ ಹಾಕಿದ್ದ ಸೀರೆಯನ್ನು ಪುಟ್ಟಬಸಮ್ಮನೇ ಮಡಿಸಿ ಮಗಳ ಟ್ರಂಕಿನೊಳಗೆ ಇಟ್ಟಳು.

11 ಸೆಪ್ಟೆಂಬರ್, ಗುರುವಾರ, ಪಾಲಾರ್

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಸದಾಶಿವ ಬಂದ. ಟ್ರಂಕು, ಅಕ್ಕಿ ಚೀಲ, ರಾಗಿ ಹಿಟ್ಟಿನ ಡಬ್ಬ ಎಲ್ಲವನ್ನೂ ತಾನೇ ಬಸ್ಸಿನ ತಲೆಗೆ ಏರಿಸಿ ಕಟ್ಟಿದ. ಮಂಗಳವಾರದಿಂದ ಅಪ್ಪ ಮಗಳಿಗೆ ಮಾತಿಲ್ಲ. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಹೊಸ ಟಾರ್ಚು ಕೊಟ್ಟ.

“ಆನೆ ಬಂದ್ರ ಮುಖಕ್ಕೆ ಬುಡ್ಬ್ಯಾಡ. ನೆಲಕ್ಕೆ ಬುಡು.”

“ಊಂ ಅಪ್ಪಾಜಿ.”

ಅಷ್ಟೇ. ಹನೂರು ದಾಟುವವರೆಗೂ ರತ್ನಿ ಆ ಟಾರ್ಚನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಲ್ಲಿಂದ ಬೆಟ್ಟದ ಬಸ್ಸು. ಬೆಟ್ಟದಿಂದ ಈಚೆಗೆ ಲಾರಿ, ಡ್ರೈವರಿನ ಪಕ್ಕ ಇಬ್ಬರಿಗೂ ಜಾಗ ಸಿಕ್ಕಿತು. ಸೊಂಟ ಎರಡು ತುಂಡಾಗಿದೆ.

“ಪೋಸ್ಟ್ ಬಂತು, ಇಳೀರಿ” ಎಂದ ಕ್ಲೀನರು. ರಸ್ತೆಗೆ ಅಡ್ಡ ಒಂದು ಬಿದಿರ ಗಳು, ಪಕ್ಕದಲ್ಲಿ ಒಂದು ಗುಡಿಸಲು. ಇದು ನಮ್ಮ ಹಿರಿಯರ ಕಾಲದಲ್ಲಿ ಸುಂಕಕ್ಕೆ ಗಾಡಿ ನಿಲ್ಲಿಸುತ್ತಿದ್ದ ಉಕ್ಕಡ. ಇದಕ್ಕೂ ಆ ಹಾಳು ಮಾತನ್ನೇ ಅಂಟಿಸಿದ್ದಾರೆ. ಸಿಟ್ಟು ಬಂತು, ಬೈಯಲು ಉಸಿರಿರಲಿಲ್ಲ.

ಕಾವಲಿನವನು ತಮಿಳಿನಲ್ಲಿ ಎಲ್ಲಿಗೆ ಎಂದು ಕೇಳಿದ. “ಪಳ್ಳಿಕೂಡಂ” ಎಂದೆ, ಶಾಲೆಗೆ ಎಂದು. ನಲವತ್ತು ವರ್ಷದ ಹಿಂದಿನ ತಮಿಳು, ಎಲ್ಲಿ ಕೂತಿತ್ತೋ. ಅವನು ರತ್ನಿಯ ತಲೆಯಿಂದ ಟ್ರಂಕು ಇಳಿಸಿ ತಾನು ಹೊತ್ತುಕೊಂಡ.

12 ಸೆಪ್ಟೆಂಬರ್, ಶುಕ್ರವಾರ

ಹತ್ತೂವರೆಗೆ ಪುಸ್ತಕದಲ್ಲಿ ರುಜು ಮಾಡಿದಳು. ತನ್ನ ಹೆಸರನ್ನು ತಾನೇ, ಪೂರ್ತಿಯಾಗಿ.

ಇಪ್ಪತ್ಮೂರು ಮಕ್ಕಳಂತೆ, ಬಂದದ್ದು ಹನ್ನೊಂದು. ಅರ್ಧ ಕನ್ನಡ, ಅರ್ಧ ತಮಿಳು, ಒಬ್ಬಳಿಗೆ ಮಾತೇ ಇಲ್ಲ. ಬಾಗಿಲಿಗೆ ಅಗುಳಿಯಿಲ್ಲ. ಹೆಂಚು ಮೂರು ಕಡೆ ಒಡೆದಿದೆ. ಇಂಥ ಶಾಲೆಗೆ ಹೆಣ್ಣುಮಗಳನ್ನು ಕಳಿಸಿದವರಿಗೆ ಬುದ್ಧಿ ಇದೆಯೇ ಎಂದು ಯಾರಿಗಾದರೂ ಬರೆಯಬೇಕು. ಯಾರಿಗೆ ಎಂದು ರತ್ನಿಯನ್ನು ಕೇಳಬೇಕು.

ನಮಗೆ ಕೊಟ್ಟಿರುವುದು ಶಾಲೆಯ ಹಿಂದಿನ ಒಂದು ಕೋಣೆ. ಮೂರು ಕಲ್ಲಿಟ್ಟು ಅನ್ನ ಮಾಡಿದೆ. ಹೊಳೆಯ ಗಾಳಿಗೆ ಉರಿ ನಿಲ್ಲುವುದಿಲ್ಲ, ನಮ್ಮ ರತ್ನಿ ಬೆಂದಿದ್ದು ಬೇಯದಿದ್ದು ಎರಡನ್ನೂ ಉಂಡು ಪಾಠಕ್ಕೆ ಹೋದಳು. ಹೊಳೆ ದಂಡೆಯಲ್ಲಿ ಮಣ್ಣು ಚೆನ್ನಾಗಿದೆ, ಜಿಗುಟು ಇದೆ. ನಾಳೆ ಎರಡು ಉರಿಯ ಒಲೆ ಹಾಕುತ್ತೇನೆ. ಸದಾಶಿವನಿಗೆ ಹೇಳಿ ಬಂದದ್ದು ಎಂಟು ದಿನ. ಮಳೆ ಬರದಿದ್ದರೆ ಒಲೆ ಹದಿನೈದು ದಿನಕ್ಕೆ ಒಣಗುತ್ತದೆ.